ಗ್ರಾನಾಡಾದ ತಾಪಾಸ್ ಬಾರಿಗೆ ಅತ್ತೆಯವರನ್ನೂ ಕರೆದೊಯ್ಯಬಹುದೇ?

ಪ್ರಶ್ನೆ: ನನ್ನ ಮಗಳು ಸ್ಪೇನಿನ ಗ್ರಾನಾಡಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದಾಳೆ. ಬರುವ ಮೇ ತಿಂಗಳಲ್ಲಿ ನಾನು, ನಮ್ಮ ಯಜಮಾನರು ಮತ್ತು 73 ವರ್ಷದ ಅತ್ತೆಯವರು ಹತ್ತು ದಿನಗಳ ಮಟ್ಟಿಗೆ ಅವಳಲ್ಲಿಗೆ ಹೊರಟಿದ್ದೇವೆ. ಅವಳ ಮನೆಯ ಕೆಳಗೇ ವಯಸ್ಸಾದ ಗಂಡ ಹೆಂಡತಿ ನಡೆಸುವ, ಪಾನೀಯದ ಜೊತೆ ಪುಟ್ಟ ತಟ್ಟೆಗಳಲ್ಲಿ ತಿಂಡಿ ಕೊಡುವ ತಾಪಾಸ್ ಬಾರ್ ಒಂದಿದೆಯಂತೆ. ಅವರು ಅವಳನ್ನು ಮನೆಮಗಳಂತೆ ನೋಡಿಕೊಳ್ಳುತ್ತಾರೆ, ನಮ್ಮನ್ನೆಲ್ಲ ಅಲ್ಲಿಗೆ ಕರೆದೊಯ್ಯಬೇಕೆಂಬುದು ಅವಳ ಆಸೆ. ಯಜಮಾನರು ಒಂದು ಬಿಯರ್ ಕುಡಿದಾರು. ನಾನು ಕುಡಿಯುವುದಿಲ್ಲ, ಮೊಟ್ಟೆ ಮಾತ್ರ ತಿನ್ನುತ್ತೇನೆ. ಅತ್ತೆಯವರು ಮೊಟ್ಟೆಯನ್ನೂ ಮುಟ್ಟದ ಶುದ್ಧ ಸಸ್ಯಾಹಾರಿ. ಅಲ್ಲಿ ಎಲ್ಲವನ್ನೂ ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ ಎಂದು ಒಬ್ಬರು, ಮದ್ಯ ಕುಡಿಯದವರಿಗೆ ಒಳಗೆ ಜಾಗವೇ ಇಲ್ಲ ಎಂದು ಇನ್ನೊಬ್ಬರು, ಸ್ಪೇನಿನಲ್ಲೆಲ್ಲ ತಿಂಡಿ ಪುಕ್ಕಟೆ ಎಂದು ಮತ್ತೊಬ್ಬರು ಹೇಳುತ್ತಿದ್ದಾರೆ. ಕೊಟ್ಟ ತಟ್ಟೆಯನ್ನು ಬೇಡವೆಂದರೆ ಆ ದಂಪತಿಗೆ ಅವಮಾನವಾಗುತ್ತದೆಯೇ? ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸು ಒಪ್ಪುವುದಿಲ್ಲ. ಆ ದಂಪತಿಗೆ ಧಾರವಾಡದ ಪೇಡೆ ಒಯ್ಯಬೇಕೆಂದೂ ಇದೆ. ಏನು ಮಾಡಲಿ?
ಧಾರವಾಡದ ಓದುಗರೊಬ್ಬರು

ಉತ್ತರ: ದಕ್ಷಿಣ ಸ್ಪೇನಿನ ಅಡುಗೆಮನೆಗಳಲ್ಲಿ ಹಲವು ವರ್ಷ ದುಡಿದು, ಬಳಿಕ ನಮ್ಮ ದೇಶದಿಂದ ಬರುವ ಪ್ರವಾಸಿ ಗುಂಪುಗಳ ಊಟ ತಿಂಡಿಯ ವ್ಯವಸ್ಥೆಯನ್ನು ನೋಡಿಕೊಂಡವನು ನಾನು. ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಆತಂಕಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಾರ್ ಎಂಬ ಜಾಗಕ್ಕೆ ನಿಮ್ಮಂಥ ಕುಟುಂಬ ಹೋಗುವುದು ಸರಿಯೇ ಎಂಬುದು ಒಂದು, ಅಲ್ಲಿ ಅತ್ತೆಯವರ ನೇಮಕ್ಕೆ ಭಂಗ ಬಾರದಂತೆ ಏನಾದರೂ ತಿನ್ನಲು ಸಿಕ್ಕೀತೇ ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ನೀವು ಚಿಂತಿಸಬೇಕಾಗಿಲ್ಲ. ಎರಡನೆಯದು ಮಾತ್ರ ನಿಜವಾದ ತೊಡಕು, ಆದರೆ ಅದರ ಕಾರಣ ನಿಮಗೆ ಹೇಳಿರುವುದಲ್ಲ.

ಬಾರ್ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಮಬ್ಬು ದೀಪದ, ಹೆಂಗಸರು ಕಾಲಿಡಲು ಹಿಂಜರಿಯುವ ಕೋಣೆ. ಸ್ಪೇನಿನಲ್ಲಿ ಆ ಪದಕ್ಕೆ ಆ ಅರ್ಥವಿಲ್ಲ. ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟವರು ಕಾಫಿ ಕುಡಿಯುವುದು, ಹತ್ತಕ್ಕೆ ಪಿಂಚಣಿದಾರರು ಪತ್ರಿಕೆ ಓದುವುದು, ಮಧ್ಯಾಹ್ನ ಅಜ್ಜಿಯೊಬ್ಬರು ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಣ್ಣಿನ ರಸ ಕುಡಿಸುವುದು, ರಾತ್ರಿ ಗೆಳೆಯರು ಬಿಯರ್ ಹಿಡಿದು ನಿಲ್ಲುವುದು, ಎಲ್ಲವೂ ಒಂದೇ ಬಾರಿನಲ್ಲಿ, ಒಂದೇ ಕಟ್ಟೆಯ, ಅಂದರೆ ಕೌಂಟರಿನ ಮುಂದೆ. ನಮ್ಮ ದರ್ಶಿನಿಯಲ್ಲಿ ನಿಂತು ತಿನ್ನುವಾಗ ಯಾರೂ ಯಾರನ್ನೂ ವಿಚಿತ್ರವಾಗಿ ನೋಡುವುದಿಲ್ಲವಲ್ಲ, ಅಷ್ಟೇ ಸಹಜ. 73 ವರ್ಷದ ಹಿರಿಯರು ಸೀರೆಯುಟ್ಟು ಒಳಬಂದರೆ ಆ ದಂಪತಿ ಮೊದಲು ಮಾಡುವ ಕೆಲಸವೆಂದರೆ ಅವರಿಗೆ ಕುರ್ಚಿ ಹುಡುಕುವುದು.

ತಾಪಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಮುಚ್ಚಳ. 13ನೇ ಶತಮಾನದ ದೊರೆ ಹತ್ತನೇ ಅಲ್ಫಾನ್ಸೊ, ತಿನಿಸಿಲ್ಲದೆ ದ್ರಾಕ್ಷಾರಸ ಮಾರಬಾರದೆಂದು ಆಜ್ಞೆ ಹೊರಡಿಸಿದನೆಂದೂ, ಹದಿಮೂರನೇ ಅಲ್ಫಾನ್ಸೊ ಕಾದಿಸ್‌ನ ಕಡಲತಡಿಯಲ್ಲಿ ಕುಳಿತಿದ್ದಾಗ ಗಾಳಿಗೆ ಮರಳು ಬೀಳದಿರಲೆಂದು ಪರಿಚಾರಕನೊಬ್ಬ ಅವನ ಲೋಟದ ಮೇಲೆ ಹ್ಯಾಮಿನ, ಅಂದರೆ ಉಪ್ಪು ಹಾಕಿ ಒಣಗಿಸಿದ ಹಂದಿಮಾಂಸದ, ಹಾಳೆಯೊಂದನ್ನು ಮುಚ್ಚಿದನೆಂದೂ ಮಾರ್ಗದರ್ಶಿಗಳು ನಿಮಗೆ ಹೇಳಿಯಾರು. ಅವನ್ನು ಕತೆಗಳೆಂದು ಕೇಳಿ ಸಂತೋಷಪಡಿ. ನಿಮಗೆ ಉಪಯೋಗಕ್ಕೆ ಬರುವ ವಿಷಯ ಬೇರೆ: ತಾಪಾ ಎಂಬುದು ಒಂದು ಖಾದ್ಯದ ಹೆಸರಲ್ಲ, ಒಂದು ಅಳತೆ. ಆಲೂಗಡ್ಡೆಯೇ ಇರಲಿ, ಮೀನೇ ಇರಲಿ, ಪುಟ್ಟ ತಟ್ಟೆಯಲ್ಲಿ ಬಂದರೆ ತಾಪಾ, ಅದಕ್ಕಿಂತ ದೊಡ್ಡದು ಮೇದಿಯಾ ರಾಸಿಯೋನ್, ನಾಲ್ಕು ಜನ ಹಂಚಿಕೊಳ್ಳುವಷ್ಟಾದರೆ ರಾಸಿಯೋನ್.

ಪುಕ್ಕಟೆಯ ಮಾತು ಅರ್ಧ ನಿಜ. ಗ್ರಾನಾಡಾ, ಹಾಯೆನ್, ಅಲ್ಮೆರಿಯಾ ಮತ್ತು ಉತ್ತರದ ಲೆಯೋನ್ ಊರುಗಳಲ್ಲಿ ಪಾನೀಯದ ಜೊತೆ ಒಂದು ತಟ್ಟೆ ತಾನಾಗಿಯೇ ಬರುತ್ತದೆ. ಸೆವಿಲ್‌ನಲ್ಲಿ ಪ್ರತಿ ತಾಪಾಗೂ ಬೆಲೆಯಿದೆ. ಬಾಸ್ಕ್ ಪ್ರಾಂತ್ಯದ ಸಾನ್ ಸೆಬಾಸ್ಟಿಯನ್‌ನಲ್ಲಿ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟ, ಪಿಂಚೋ ಎಂದು ಕರೆಯುವ ತಿನಿಸುಗಳನ್ನು ಪುಕ್ಕಟೆಯೆಂದು ಭಾವಿಸಿ ಎತ್ತಿಕೊಂಡ ಪ್ರವಾಸಿಗರು ಕೊನೆಯಲ್ಲಿ ಬಿಲ್ಲು ನೋಡಿ ಬೆಚ್ಚುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಗ್ರಾನಾಡಾದ ರೂಢಿ ಹೀಗಿದೆ: ನೀವು ಪಾನೀಯ ಹೇಳುತ್ತೀರಿ, ತಟ್ಟೆಯಲ್ಲಿ ಏನು ಬರಬೇಕೆಂಬುದನ್ನು ಬಹುತೇಕ ಕಡೆ ಅಡುಗೆಮನೆಯೇ ನಿರ್ಧರಿಸುತ್ತದೆ. ಎರಡನೇ ಸುತ್ತಿಗೆ ಬೇರೆ ತಟ್ಟೆ, ಮೂರನೆಯದಕ್ಕೆ ಮತ್ತೊಂದು. ಆ ತಟ್ಟೆಯ ಖರ್ಚು ಪಾನೀಯದ ಬೆಲೆಯಲ್ಲೇ ಅಡಗಿರುವುದರಿಂದ ಅದನ್ನು ದಾನವೆಂದು ಭಾವಿಸಿ ಸಂಕೋಚಪಡಬೇಕಾದ್ದಿಲ್ಲ. ಆದರೆ ಆಯ್ಕೆ ನಿಮ್ಮ ಕೈಯಲ್ಲಿಲ್ಲ ಎಂಬುದೇ ಸಸ್ಯಾಹಾರಿಗಳಿಗೆ ಇಲ್ಲಿರುವ ಮೊದಲ ಅಪಾಯ.

ಮದ್ಯ ಕುಡಿಯದವರಿಗೆ ಜಾಗವಿಲ್ಲ ಎಂಬುದು ಶುದ್ಧ ಸುಳ್ಳು. ತಂಪು ಪಾನೀಯ ಹೇಳಿದರೂ ಸಾಮಾನ್ಯವಾಗಿ ತಟ್ಟೆ ಬರುತ್ತದೆ, ಕಾಫಿಗೆ ಬರುವುದಿಲ್ಲ. ನಿಮಗೆ ನಾನು ಹೇಳುವುದು ಮೋಸ್ತೊ, ಅಂದರೆ ಹುದುಗು ಬರಿಸದ ದ್ರಾಕ್ಷಿಯ ರಸ. ಐಸ್ ಹಾಕಿ, ಕಿತ್ತಳೆಯ ಒಂದು ಹೋಳಿನ ಜೊತೆ ಕೊಡುತ್ತಾರೆ, ನೋಡಲೂ ಚೆಂದ. ಒಂದು ಎಚ್ಚರಿಕೆ ಮಾತ್ರ ಬೇಕು. ಸೆವಿಲ್ ಸುತ್ತಿನ ಹಳ್ಳಿಗಳಲ್ಲಿ, ಹೆರೆಸ್ ಕಡೆಯಲ್ಲಿ, ಅದೇ ಹೆಸರಿನಿಂದ ಆ ವರ್ಷದ ಹೊಸ ವೈನನ್ನೂ ಕರೆಯುತ್ತಾರೆ. ಹಾಗಾಗಿ ಅತ್ತ ಹೋದರೆ "ಸಿನ್ ಅಲ್ಕೋಲ್" ಎಂದು ಸೇರಿಸಿ ಕೇಳಿ, ಆಲ್ಕೋಹಾಲ್ ಇಲ್ಲದ್ದು ಎಂದು ಅದರರ್ಥ. ಮಾನ್ಸಾನೀಯಾ ಎಂಬ ಪದ ಇನ್ನೂ ಕಷ್ಟದ್ದು. ಅದು ಸೇವಂತಿಗೆ ಜಾತಿಯ ಹೂವಿನ ಕಷಾಯವೂ ಹೌದು, ಒಂದು ಬಗೆಯ ಆಲಿವ್ ಕಾಯಿಯೂ ಹೌದು, ಸಾನ್‌ಲೂಕಾರ್ ಎಂಬ ಕಡಲೂರಿನ ಸುಮಾರು ಶೇ 15ರಷ್ಟು ಆಲ್ಕೋಹಾಲ್ ಇರುವ ಬಿಳಿ ವೈನೂ ಹೌದು. ಹೊಟ್ಟೆ ಹಗುರವಾಗಲೆಂದು ಅತ್ತೆಯವರಿಗೆ ಕಷಾಯ ಹೇಳುವಾಗ "ಇನ್‌ಫುಸಿಯೋನ್" ಎಂಬ ಪದವನ್ನು ಮುಂದೆ ಸೇರಿಸಲು ಮಗಳಿಗೆ ಹೇಳಿ.

ಇನ್ನು ನಿಜವಾದ ತೊಡಕಿಗೆ ಬರುತ್ತೇನೆ. ಎಲ್ಲವನ್ನೂ ಹಂದಿಯ ಕೊಬ್ಬಿನಲ್ಲಿ ಕರಿಯುತ್ತಾರೆ ಎಂಬುದು ಗ್ರಾನಾಡಾದ ಮಟ್ಟಿಗೆ ತಪ್ಪು ಮಾಹಿತಿ. ಪಕ್ಕದ ಹಾಯೆನ್ ಪ್ರಾಂತ್ಯ ಜಗತ್ತಿನಲ್ಲೇ ಅತಿ ಹೆಚ್ಚು ಆಲಿವ್ ಎಣ್ಣೆ ತೆಗೆಯುವ ನೆಲ. ಅಲ್ಲಿನ ಬಾರುಗಳಲ್ಲಿ ಕರಿಯುವುದು ಆಲಿವ್ ಎಣ್ಣೆಯಲ್ಲಿ ಅಥವಾ ಸೂರ್ಯಕಾಂತಿ ಎಣ್ಣೆಯಲ್ಲಿ. ಹಂದಿಯ ಕೊಬ್ಬನ್ನು ಬಳಸುವುದು ಮುಖ್ಯವಾಗಿ ಕೆಲವು ಒಣ ಸಿಹಿತಿಂಡಿಗಳಿಗೆ, ಬ್ರೆಡ್ಡಿಗೆ ಸವರುವ ಕೆಂಪು ಮಾಂತೆಕಾಗೆ. ಆದರೆ ಚಿಕ್ಕ ಬಾರಿನಲ್ಲಿ ಎಣ್ಣೆಯ ಬಾಂಡಲೆ ಒಂದೇ ಇರುತ್ತದೆ. ಮೀನು ಕರಿದ ಎಣ್ಣೆಯಲ್ಲೇ ಬದನೆಕಾಯಿಯೂ ಮುಳುಗುತ್ತದೆ. ಇದನ್ನು ಅವರು ಮುಚ್ಚಿಡುವುದಿಲ್ಲ, ಕೇಳಿದರೆ ಹೇಳುತ್ತಾರೆ. ಕೇಳಬೇಕೆಂಬುದು ನಮಗೆ ಹೊಳೆಯುವುದಿಲ್ಲ, ಅಷ್ಟೆ.

ಅದಕ್ಕಿಂತ ಸೂಕ್ಷ್ಮವಾದ ಸಂಗತಿ ಹ್ಯಾಮ್, ಅವರ ಮಾತಿನಲ್ಲಿ ಹಾಮೋನ್. ಚಳಿಗಾಲದಲ್ಲಿ ಹಂದಿ ಕೊಯ್ದು, ತೊಡೆಯನ್ನು ಉಪ್ಪಿನಲ್ಲಿ ಹೂತು, ಬೆಟ್ಟದ ಗಾಳಿಗೆ ತಿಂಗಳುಗಟ್ಟಲೆ ಒಣಗಿಸಿ, ವರ್ಷವಿಡೀ ಚೂರು ಚೂರಾಗಿ ಬಳಸುವುದು ಆ ಸೀಮೆಯ ರೈತಾಪಿ ಮನೆಗಳ ಪದ್ಧತಿ. ಹಾಗಾಗಿ ಅವರಿಗೆ ಹ್ಯಾಮಿನ ಒಂದು ಹಿಡಿ ಚೂರು ಎಂದರೆ ನಮಗೆ ಒಗ್ಗರಣೆ ಇದ್ದಂತೆ. ಅವರೆಕಾಳಿಗೆ, ಬೀನ್ಸಿಗೆ, ಆರ್ಟಿಚೋಕಿಗೆ ರುಚಿ ಬರಲೆಂದು ಅದನ್ನು ಹಾಕುತ್ತಾರೆಯೇ ಹೊರತು ಅದನ್ನು ಮಾಂಸದ ಅಡುಗೆ ಎಂದು ಎಣಿಸುವುದೇ ಇಲ್ಲ. ಇದರ ಹಿಂದೆ ಇತಿಹಾಸವೂ ಇದೆ. 1492ರಲ್ಲಿ ಗ್ರಾನಾಡಾದ ಕೊನೆಯ ಮುಸ್ಲಿಂ ಅರಸ ಶರಣಾದ. ಅದೇ ವರ್ಷ ಯಹೂದಿಗಳನ್ನು ದೇಶದಿಂದ ಹೊರಹಾಕಲಾಯಿತು. ಉಳಿದ ಮುಸ್ಲಿಮರನ್ನು ಮುಂದಿನ ದಶಕಗಳಲ್ಲಿ ಬಲವಂತವಾಗಿ ಮತಾಂತರಿಸಲಾಯಿತು. ಆ ಕಾಲದಲ್ಲಿ ಹಂದಿಮಾಂಸವನ್ನು ನಾಲ್ಕು ಜನರೆದುರು ತಿನ್ನುವುದು ತಾನು ನಿಜವಾದ ಕ್ರೈಸ್ತನೆಂದು ತೋರಿಸಿಕೊಳ್ಳುವ ಗುರುತಾಗಿತ್ತು, ತಿನ್ನದವರ ಮೇಲೆ ಸಂಶಯ ಬೀಳುತ್ತಿತ್ತು.

ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಹೇಳಬೇಕು. ಗುಂಪೊಂದನ್ನು ಸಣ್ಣ ಬಾರೊಂದಕ್ಕೆ ಕರೆದೊಯ್ದಿದ್ದಾಗ, ಅಡುಗೆಯಾಕೆಗೆ "ಸಿನ್ ಕಾರ್ನೆ", ಮಾಂಸ ಬೇಡ, ಎಂದು ಎರಡೆರಡು ಸಲ ಹೇಳಿದ್ದೆ. ಆಕೆ ಸಾಲ್ಮೊರೆಹೊ ಮಾಡಿದರು. ಟೊಮ್ಯಾಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆಗಳನ್ನು ನುಣ್ಣಗೆ ರುಬ್ಬಿ ತಣ್ಣಗೆ ಕೊಡುವ ದಪ್ಪ ಗೊಜ್ಜಿನಂಥ ತಿನಿಸದು, ಬಟ್ಟಲಿನಲ್ಲಿರುವುದೆಲ್ಲ ನಮ್ಮ ಪಥ್ಯದ್ದೇ. ಆದರೆ ತಂದಿಡುವ ಮುನ್ನ ಆಕೆ ಡಬ್ಬಿಯಿಂದ ಬೆರಳತುದಿಯಲ್ಲಿ ಹ್ಯಾಮಿನ ಚೂರುಗಳನ್ನು ಎತ್ತಿ, ನಾವು ಕೊತ್ತಂಬರಿ ಉದುರಿಸುವಷ್ಟೇ ಸಲೀಸಾಗಿ, ಪ್ರತಿ ಬಟ್ಟಲಿನ ಮೇಲೂ ಉದುರಿಸಿದ್ದರು. ಹಿರಿಯರೊಬ್ಬರು ಅವನ್ನು ಟೊಮ್ಯಾಟೊ ಸಿಪ್ಪೆಯೆಂದು ತಿಳಿದು ಎರಡು ಚಮಚ ತಿಂದುಬಿಟ್ಟಿದ್ದರು. ಅವರು ಗಲಾಟೆ ಮಾಡಲಿಲ್ಲ. ಚಮಚ ಕೆಳಗಿಟ್ಟು ಎದ್ದುಹೋಗಿ ಹೊರಗಿನ ಮೆಟ್ಟಿಲ ಮೇಲೆ ಕುಳಿತರು. ಅಡುಗೆಯಾಕೆಯಲ್ಲಿ ಒಂದಿಷ್ಟೂ ದುರುದ್ದೇಶವಿರಲಿಲ್ಲ. ಕೇಳಬೇಕಾದದ್ದನ್ನು ನಾನು ಕೇಳಿರಲಿಲ್ಲ.

ಅಂದಿನಿಂದ ನಾನು ಒಂದೊಂದೇ ಪದಾರ್ಥದ ಹೆಸರು ಹಿಡಿದು ಹೇಳುತ್ತೇನೆ. ನಿಮ್ಮ ಮಗಳೂ ಹಾಗೆಯೇ ಹೇಳಲಿ: "ನಿ ಕಾರ್ನೆ, ನಿ ಹಾಮೋನ್, ನಿ ಪೆಸ್ಕಾದೊ, ನಿ ಅತೂನ್, ನಿ ವೇವೊ, ನಿ ಕಾಲ್ದೊ." ಮಾಂಸ, ಹ್ಯಾಮ್, ಮೀನು, ಟ್ಯೂನಾ, ಮೊಟ್ಟೆ, ಮಾಂಸದ ಸಾರು, ಯಾವುದೂ ಬೇಡ. ಟ್ಯೂನಾವನ್ನು ಬೇರೆಯಾಗಿ ಹೇಳುವುದು ಅತಿಯೆನಿಸಬಹುದು, ಆದರೆ ಸಾಮಾನ್ಯ ತರಕಾರಿ ಸಲಾಡಿನ ಮೇಲೂ ಅದು ಇರುತ್ತದೆ, ಆಲೂಗಡ್ಡೆಯ ರಷ್ಯನ್ ಸಲಾಡಿನ ಒಳಗೂ ಇರುತ್ತದೆ. ಹಸಿರು ಆಲಿವ್ ಕಾಯಿಯ ಬೀಜ ತೆಗೆದ ತೂತಿನಲ್ಲಿ ಆಂಚೊವಿ ಮೀನಿನ ಮುದ್ದೆ ತುಂಬಿರುವುದು ಅಲ್ಲಿ ಮಾಮೂಲು, ಆದ್ದರಿಂದ ಅತ್ತೆಯವರಿಗೆ ಬೀಜವಿರುವ ಇಡೀ ಆಲಿವ್ ಮಾತ್ರ ಕೊಡಿ. ಇನ್ನೊಂದು ಉಪಾಯವೆಂದರೆ ಅವರು "ವೆಹೆತಾರಿಯಾನಾ" ಎನ್ನುವ ಬದಲು "ವೆಗಾನಾ" ಎಂದು ಹೇಳುವುದು. ಸಸ್ಯಾಹಾರಿ ಎಂದರೆ ಮೊಟ್ಟೆ ನಡೆಯುತ್ತದೆ ಎಂದೇ ಅಲ್ಲಿ ಅರ್ಥ, ಹಲವರಿಗೆ ಮೀನೂ ನಡೆಯುತ್ತದೆ. ವೆಗಾನಾ ಎಂದರೆ ಎಲ್ಲಕ್ಕೂ ತಡೆ ಬೀಳುತ್ತದೆ. ಹಾಲು ಮೊಸರು ತಿನ್ನುವವರಾದರೂ ಒಂದು ಹೊತ್ತಿಗೆ ಅವನ್ನು ಬಿಟ್ಟರೆ ನಷ್ಟವಿಲ್ಲ. ಅಲ್ಲಿನ ಹೆಸರಾಂತ ಮಾಂಚೇಗೊ ಚೀಸನ್ನು ಸಾಂಪ್ರದಾಯಿಕವಾಗಿ ಕುರಿಮರಿಯ ಜಠರದಿಂದ ತೆಗೆದ ಕಿಣ್ವ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಇದು ತಿಳಿದ ಮೇಲೆ ಅತ್ತೆಯವರು ಅದನ್ನು ಮುಟ್ಟಲಾರರು ಎಂದುಕೊಳ್ಳುತ್ತೇನೆ.

ಐರೋಪ್ಯ ಒಕ್ಕೂಟದ ನಿಯಮದಂತೆ ಪ್ರತಿ ಬಾರೂ 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿ ಕೊಡಬೇಕು. ಮೊಟ್ಟೆ, ಮೀನು, ಸಿಗಡಿ, ಹಾಲು ಎಲ್ಲವೂ ಆ ಪಟ್ಟಿಯಲ್ಲಿವೆ. ಆ ಹಾಳೆಯನ್ನು ಧಾರಾಳವಾಗಿ ಕೇಳಿ ಪಡೆಯಿರಿ. ಆದರೆ ಅದನ್ನೇ ನಂಬಿ ಕೂರಬೇಡಿ, ಏಕೆಂದರೆ ಮಾಂಸ ಆ ಪಟ್ಟಿಯಲ್ಲಿಲ್ಲ, ಹಾಗಾಗಿ ಹ್ಯಾಮಿನ ಸುಳಿವು ಅಲ್ಲಿ ಸಿಗುವುದಿಲ್ಲ.

ಹಾಗಾದರೆ ತಿನ್ನುವುದೇನು? ಆಹೊಬ್ಲಾಂಕೊ ಎಂಬುದನ್ನು ನಾನು ಮೊದಲು ಹೇಳುತ್ತೇನೆ. ಬಾದಾಮಿ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ವಿನೆಗರ್ ಸೇರಿಸಿ ರುಬ್ಬಿದ ಬಿಳಿಯ ತಣ್ಣನೆಯ ಸಾರು, ಮೇಲೆ ನಾಲ್ಕು ದ್ರಾಕ್ಷಿ. ಮೇ ಕೊನೆಯ ಬಿಸಿಲಿಗೆ ಇಂಥ ತಣ್ಣನೆಯ ಸಾರುಗಳು ಕಾಣಿಸಿಕೊಳ್ಳತೊಡಗುತ್ತವೆ. ಸಾಲ್ಮೊರೆಹೊ ಕೂಡ ಆಗುತ್ತದೆ, ಮೇಲೆ ಮೊಟ್ಟೆ, ಹ್ಯಾಮ್ ಉದುರಿಸಬಾರದು ಎಂಬ ಮಾತನ್ನು ಅಡುಗೆಮನೆಗೆ ಮುಟ್ಟಿಸಿದರೆ. ಪಾಲಕ್ ಮತ್ತು ಕಡಲೆಕಾಳಿನ ಪಲ್ಯ ಸೆವಿಲ್ ಕಡೆಯದು. ಜೀರಿಗೆ ಹಾಕಿರುವುದರಿಂದ ಬಾಯಿಗೆ ಪರಿಚಿತವೆನಿಸುತ್ತದೆ, ಸಾಮಾನ್ಯವಾಗಿ ಮಾಂಸವಿರುವುದಿಲ್ಲ, ಆದರೂ ಕೇಳಿಯೇ ತಿನ್ನಬೇಕು. ಪಾದ್ರೋನ್ ಮೆಣಸಿನಕಾಯಿಯನ್ನು ಎಣ್ಣೆಯಲ್ಲಿ ಬಾಡಿಸಿ ಹರಳುಪ್ಪು ಹಾಕಿ ಕೊಡುತ್ತಾರೆ. ಹತ್ತರಲ್ಲಿ ಒಂದೋ ಎರಡೋ ಖಾರ, ಉಳಿದವು ಸಪ್ಪೆ, ನಮ್ಮ ಕಡೆಯವರಿಗೆ ಅದೂ ಖಾರವೆನಿಸದು. ಬೆಳ್ಳುಳ್ಳಿಯನ್ನೂ ತಿನ್ನದವರಾದರೆ ಮಾತ್ರ ಈ ಪಟ್ಟಿ ಬಹಳ ಕಿರಿದಾಗುತ್ತದೆ.

ಬದನೆಕಾಯಿಯ ಬಗ್ಗೆ ಪ್ರತ್ಯೇಕವಾಗಿ ಹೇಳದಿರಲಾರೆ. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದು, ಮೇಲೆ ಕಪ್ಪಗಿನ ಪಾಕವೊಂದನ್ನು ಎಳೆಯೆಳೆಯಾಗಿ ಸುರಿದು ತರುತ್ತಾರೆ. ಪಟ್ಟಿಯಲ್ಲಿ ಅದನ್ನು ಜೇನು ಎಂದು ಬರೆದಿದ್ದರೂ ಅದು ಬಹುಮಟ್ಟಿಗೆ ಕಬ್ಬಿನ ಜೇನು, ಅಂದರೆ ಕಬ್ಬಿನ ಹಾಲನ್ನು ಕುದಿಸಿ ಇಳಿಸಿದ ಪಾಕ. ಮಲಾಗಾ ಪ್ರಾಂತ್ಯದ ಫ್ರಿಹಿಲಿಯಾನಾ ಎಂಬ ಬೆಟ್ಟದೂರಿನಲ್ಲಿ ಅದನ್ನು ಇಂದಿಗೂ ತಯಾರಿಸುತ್ತಾರೆ. ನಾಲಿಗೆಗೆ ಇಟ್ಟೊಡನೆ ನಿಮ್ಮ ಅತ್ತೆಯವರು ಜೋನಿಬೆಲ್ಲ ಎಂದು ಗುರುತಿಸುತ್ತಾರೆ. ಆದರೆ ಇದೇ ತಿನಿಸು ಮೀನು ಕರಿದ ಎಣ್ಣೆಯ ಬಾಂಡಲೆಗೆ ಬೀಳುವುದು, ಹಿಟ್ಟಿಗೆ ಮೊಟ್ಟೆಯೋ ಬಿಯರೋ ಸೇರಿರುವ ಸಾಧ್ಯತೆಯೂ ಇದೆ. ಬೇರೆ ಬಾಣಲೆಯಲ್ಲಿ, ಬರಿಯ ಗೋಧಿಹಿಟ್ಟಿನಲ್ಲಿ ಕರಿದುಕೊಡಲು ಸಾಧ್ಯವೇ ಎಂದು ಜನಸಂದಣಿಯಿಲ್ಲದ ಹೊತ್ತಿನಲ್ಲಿ ಮುಂಚಿತವಾಗಿ ಕೇಳಬಹುದು. ಮಗಳಿಗೆ ಅಷ್ಟು ಸಲಿಗೆಯಿದ್ದರೆ ಬಾರಿನ ಅಜ್ಜಿ ಮಾಡಿಕೊಟ್ಟಾರು. ನಿಮಗೆ ಮೊಟ್ಟೆ ನಡೆಯುವುದರಿಂದ ಆಲೂಗಡ್ಡೆಯ ತೋರ್ತಿಯಾ, ಅಂದರೆ ದಪ್ಪ ಆಮ್ಲೆಟ್ಟು, ಇದ್ದೇ ಇದೆ.

ನಿಮ್ಮ ಮುಂದಿರುವ ದಾರಿಗಳನ್ನು ನೇರವಾಗಿ ಹೇಳುತ್ತೇನೆ. ಬಂದ ತಟ್ಟೆಯನ್ನು ನಿಮ್ಮ ಯಜಮಾನರ ಮುಂದಿಟ್ಟು, ಅತ್ತೆಯವರಿಗೆ ಗೊತ್ತಿರುವ ಒಂದು ತಿನಿಸನ್ನು ಮೇದಿಯಾ ರಾಸಿಯೋನ್ ಅಳತೆಯಲ್ಲಿ ಹಣ ಕೊಟ್ಟು ತರಿಸುವುದು ಒಂದು ದಾರಿ. ಖರ್ಚು ತುಸು ಹೆಚ್ಚು, ಆದರೆ ಏನು ಬರುತ್ತದೆಂಬುದು ಖಚಿತ. ಪಾನೀಯ ಹೇಳುವಾಗಲೇ ಸಸ್ಯಾಹಾರದ ತಾಪಾ ಕೇಳುವುದು ಇನ್ನೊಂದು. ಗ್ರಾನಾಡಾದಲ್ಲಿ ಇದು ಈಗ ಅಪರೂಪದ ಕೋರಿಕೆಯಲ್ಲ, ಆದರೆ ಸಂಜೆಯ ಗದ್ದಲದಲ್ಲಿ ಕಟ್ಟೆಯಲ್ಲಿ ಹೇಳಿದ ಮಾತು ಒಳಮನೆಗೆ ತಲುಪುವಷ್ಟರಲ್ಲಿ ತಪ್ಪಿಹೋಗಬಹುದು. ಸಂಪೂರ್ಣ ಸಸ್ಯಾಹಾರದ ಬಾರುಗಳೂ ಆ ಊರಿನಲ್ಲಿವೆ. ಅಲ್ಲಿ ಯಾವ ಭಯವೂ ಇಲ್ಲ, ಆದರೆ ಮಗಳು ತೋರಿಸಬೇಕೆಂದಿರುವುದು ಆ ದಂಪತಿಯ ಬಾರನ್ನಲ್ಲವೇ? ಬಾಂಡಲೆ, ಚಾಕು, ಹಲಗೆ ಎಲ್ಲವೂ ಬೇರೆಯೇ ಇರಬೇಕೆಂಬಷ್ಟು ನೇಮ ಅತ್ತೆಯವರದಾದರೆ, ಚಿಕ್ಕ ಬಾರಿನಲ್ಲಿ ಯಾರೂ ಅದರ ಭರವಸೆ ಕೊಡಲಾರರು, ಕೊಟ್ಟರೂ ನೀವು ನಂಬಬಾರದು.

ಅದಕ್ಕೆ ನಾನು ಹೆಚ್ಚು ಇಷ್ಟಪಡುವ ದಾರಿಯೆಂದರೆ ಅದೇ ಬಾರಿಗೆ ಬೆಳಿಗ್ಗೆ ಹೋಗುವುದು. ಹತ್ತು ಗಂಟೆಗೆ ಅಲ್ಲಿ ಸಿಗುವುದು ತೋಸ್ತಾದಾ: ಉದ್ದನೆಯ ಬ್ರೆಡ್ಡನ್ನು ಸೀಳಿ ಸುಟ್ಟು, ತುರಿದ ಟೊಮ್ಯಾಟೊ ಹರಡಿ, ಮೇಲೆ ಹಸಿರು ಛಾಯೆಯ ಆಲಿವ್ ಎಣ್ಣೆ ಹನಿಸಿ, ಉಪ್ಪು ಉದುರಿಸಿ ಕೊಡುತ್ತಾರೆ. ಮೊಟ್ಟೆಯಿಲ್ಲ, ಮಾಂಸವಿಲ್ಲ, ಕರಿಯುವ ಮಾತೇ ಇಲ್ಲ. ಬಿಸಿ ಹಾಲು ಬೆರೆಸಿದ ಕಾಫಿ ಜೊತೆಗೆ. ಗಡಿಬಿಡಿಯಿಲ್ಲದ ಆ ಹೊತ್ತಿನಲ್ಲಿ ದಂಪತಿಗೂ ನಿಮ್ಮೊಡನೆ ಮಾತನಾಡಲು ಬಿಡುವಿರುತ್ತದೆ. ಅತ್ತೆಯವರ ಮೊದಲ ಭೇಟಿ ಬೆಳಿಗ್ಗೆಯೇ ಆಗಲಿ. ಎರಡು ದಿನ ಬಿಟ್ಟು, ಅವರಿಗೆ ಧೈರ್ಯ ಬಂದರೆ, ಮಧ್ಯಾಹ್ನ ತಾಪಾಗೆ ಹೋಗಿ. ಹೋಗುವ ಮುನ್ನ ಒಂದು ಮಾತನ್ನು ಅವರಿಗೆ ಹೇಳಿಟ್ಟಿರಿ. ಕಟ್ಟೆಯ ಮೇಲ್ಭಾಗದಲ್ಲಿ ಗೊರಸು ಸಮೇತ ಹಂದಿಯ ತೊಡೆಗಳು ತೂಗಾಡುತ್ತಿರುತ್ತವೆ, ಪ್ರತಿಯೊಂದರ ತುದಿಗೂ ಜಿನುಗುವ ಕೊಬ್ಬನ್ನು ಹಿಡಿಯಲು ತಲೆಕೆಳಗಾದ ಛತ್ರಿಯಂಥ ಪುಟ್ಟ ಬಟ್ಟಲು ಚುಚ್ಚಿರುತ್ತದೆ. ತಿಳಿಯದೆ ತಲೆಯೆತ್ತಿ ನೋಡಿದರೆ ಮನಸ್ಸು ಕದಡೀತು. ಮೊದಲೇ ತಿಳಿದಿದ್ದರೆ ಬೆನ್ನು ಮಾಡಿ ಕೂರುವ ಕುರ್ಚಿಯನ್ನು ಅವರೇ ಆರಿಸಿಕೊಳ್ಳುತ್ತಾರೆ.

ತಟ್ಟೆ ನಿರಾಕರಿಸಿದರೆ ಅವಮಾನವಲ್ಲ. ತರುವ ಮುನ್ನ ಬೇಡವೆಂದರೆ ಅವರು ಬೇರೆಯದನ್ನು ಹುಡುಕುತ್ತಾರೆ. ತಂದಿಟ್ಟ ಮೇಲೆ ಏನೂ ಹೇಳದೆ ಹಾಗೆಯೇ ಬಿಟ್ಟು ಎದ್ದರೆ ಮಾತ್ರ ಅಡುಗೆ ಕೆಟ್ಟಿತ್ತೇ ಎಂದು ಒಳಗಿನವರು ಕೊರಗುತ್ತಾರೆ.

ಹೊತ್ತಿನ ವಿಷಯ ಅತ್ತೆಯವರಿಗೆ ತೊಂದರೆ ಕೊಟ್ಟೀತು. ಸ್ಪೇನ್ ಬಹುಪಾಲು ಗ್ರೀನಿಚ್ ರೇಖಾಂಶದ ಅಕ್ಕಪಕ್ಕದಲ್ಲೇ ಇದ್ದರೂ 1940ರಿಂದ ಮಧ್ಯ ಯುರೋಪಿನ ಗಡಿಯಾರವನ್ನು ಅನುಸರಿಸುತ್ತಿದೆ, ಹಾಗಾಗಿ ಸೂರ್ಯ ಮುಳುಗುವುದೂ ತಡ, ಉಣ್ಣುವುದೂ ತಡ. ಮಧ್ಯಾಹ್ನದ ಊಟ ಎರಡರಿಂದ ಮೂರೂವರೆ, ರಾತ್ರಿಯದು ಒಂಬತ್ತರ ನಂತರ. ನಡುವೆ ನಾಲ್ಕರಿಂದ ಎಂಟರವರೆಗೆ ಹಲವು ಅಡುಗೆಮನೆಗಳು ಮುಚ್ಚಿರುತ್ತವೆ. ನೀವು ಒಂದು ಗಂಟೆಗೆ ಹೋದರೆ ಜನ ಕಡಿಮೆ, ತಗ್ಗು ಮೇಜೂ ಸಿಕ್ಕೀತು. ಸಂಜೆಯಾದರೆ ಎತ್ತರದ ಸ್ಟೂಲು ಅಥವಾ ನಿಲ್ಲುವುದೇ ಗತಿ, ಮಂಡಿನೋವಿದ್ದವರಿಗೆ ಅದು ಆಗದು. ಹೊರಗಿನ ಮೇಜು ಆರಾಮ, ಆದರೆ ಅಲ್ಲಿ ದರ ಹೆಚ್ಚಿರಬಹುದು. 2011ರ ಜನವರಿಯಿಂದ ಬಾರಿನೊಳಗೆ ಧೂಮಪಾನ ನಿಷಿದ್ಧವಾಗಿರುವುದರಿಂದ ಸೇದುವವರೆಲ್ಲ ಹೊರಗೇ ಇರುತ್ತಾರೆ. ಹೊಗೆ ಆಗದವರಿಗೆ ಒಳಗೇ ಉತ್ತಮ.

ನಿಮ್ಮ ಯಜಮಾನರು ಕಾನ್ಯಾ ಎಂದು ಹೇಳಲಿ, ಸುಮಾರು 200 ಮಿಲಿಲೀಟರಿನ ಸಣ್ಣ ಲೋಟದ ಬಿಯರ್ ಬರುತ್ತದೆ. ಅಲ್ಲಿನವರು ದೊಡ್ಡ ಲೋಟ ಹಿಡಿದು ಕೂರುವುದಕ್ಕಿಂತ ಒಂದು ಕಡೆ ಒಂದು ಕುಡಿದು ಮುಂದಿನ ಬಾರಿಗೆ ನಡೆಯುತ್ತಾರೆ. ಮುಂದಿನ ತಟ್ಟೆಯ ಆಸೆಗೆ ಇನ್ನೊಂದು, ಮತ್ತೊಂದು ಎಂದು ಲೆಕ್ಕ ತಪ್ಪುವುದು ಈ ರೂಢಿಯ ನಿಜವಾದ ಅಪಾಯ. ಬೇಸಿಗೆಗೆ ಕೆಂಪು ವೈನಿಗೆ ಸೋಡಾ ಬೆರೆಸಿದ ತಿಂತೊ ದೆ ವೆರಾನೊ ಹಗುರ. ಆದರೆ ಫೀನೊ, ವರ್ಮುತ್ ಎಂಬ ಹೆಸರುಗಳಲ್ಲಿ ಪುಟ್ಟ ಲೋಟದಲ್ಲಿ ಬರುವ ವೈನು ಬಿಯರಿನ ಮೂರು ಪಟ್ಟು ತೀಕ್ಷ್ಣ.

ಹಣವನ್ನು ಕೊನೆಯಲ್ಲಿ ಒಟ್ಟಿಗೆ ಕೊಡಬೇಕು. ಪಟ್ಟಿಯಲ್ಲಿರುವ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಟಿಪ್ಸ್ ಕಡ್ಡಾಯವಲ್ಲ, ಚಿಲ್ಲರೆ ನಾಣ್ಯಗಳನ್ನು ಬಿಟ್ಟುಬಂದರೆ ಸಾಕು. ಕೇಳದೆಯೇ ಬಂದ ಬ್ರೆಡ್ಡಿಗೆ ಕೆಲವೆಡೆ ಬೆಲೆ ಹಾಕುತ್ತಾರೆ, ಬೇಡವಾದರೆ ಆಗಲೇ ಹೇಳಿ. ಕುಡಿಯುವ ನಲ್ಲಿ ನೀರನ್ನು ಉಚಿತವಾಗಿ ಕೊಡಬೇಕೆಂದು 2022ರ ಕಾನೂನು ಹೇಳುತ್ತದೆ, ಗ್ರಾನಾಡಾದ ನೀರು ರುಚಿಯಾಗಿಯೂ ಇದೆ.

ಇನ್ನು ಪೇಡೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ಒಯ್ಯುವುದಕ್ಕೆ ನಿರ್ಬಂಧವಿದೆ, ಪೇಡೆಯೆಂದರೆ ಮುಕ್ಕಾಲು ಪಾಲು ಹಾಲೇ. ವಿಮಾನ ನಿಲ್ದಾಣದಲ್ಲಿ ಪೊಟ್ಟಣವನ್ನು ಕಸದ ಡಬ್ಬಿಗೆ ಹಾಕಿಸಿದರೆ ನಿಮಗೂ ನೋವು, ಅತ್ತೆಯವರಿಗೂ ನೋವು. ಅದರ ಬದಲು ಚಿಕ್ಕಮಗಳೂರಿನ ಕಾಫಿ ಪುಡಿಯನ್ನು, ಅದರ ಜೊತೆಗೊಂದು ಹಿತ್ತಾಳೆಯ ಫಿಲ್ಟರನ್ನು ಒಯ್ಯಿರಿ. ಬೆಳಿಗ್ಗೆ ಹತ್ತಕ್ಕೆ ಬಾರಿನಲ್ಲಿ ಜನ ತೆಳುವಾಗಿರುವಾಗ ಅವರ ಕಟ್ಟೆಯ ಮೇಲೆಯೇ ಡಿಕಾಕ್ಷನ್ ಇಳಿಸಿ ತೋರಿಸಲು ಅತ್ತೆಯವರಿಗೆ ಹೇಳಿ. ಕಾಯಿಸಿದ ಹಾಲನ್ನು ಆ ಅಜ್ಜಿಯೇ ತಂದುಕೊಡುತ್ತಾರೆ.